ಮನೆಯ ಪಾಠ: ಇಂಗ್ಲೀಷು ವಾಕ್ಯದಲ್ಲಿ ಕ್ರಿಯಾವಿಶೇಷಣದ ಸ್ಥಾನ

ಕಳೆದ ತಿಂಗಳು ನಮಗೆ ಬಂದ ಓಲೆಗಳಲ್ಲಿ ಒಂದು ಸೋದರಿಯೊಬ್ಬರದು. ಅವರ ಮಗಳು ಪ್ರೌಢಶಾಲೆಯಲ್ಲಿ ಓದುತ್ತಿರುವಳು. ತನ್ನ ಗೆಳತಿಯ ವಿಷಯವಾಗಿ ಇಂಗ್ಲೀಷಿನಲ್ಲಿ ಹತ್ತು ವಾಕ್ಯಗಳನ್ನು ಬರೆದು ತರಬೇಕೆಂದು ಉಪಾಧ್ಯಾಯರು ಹೇಳಿದ್ದರಂತೆ. ಹುಡುಗಿ ಬರೆದ ವಾಕ್ಯಗಳಲ್ಲಿ ಒಂದು ಹೀಗಿದ್ದಿತು: “ಷೀ ಸ್ಪೀಕ್ಸ್ ವೆರಿ ವೆಲ್ ಇಂಗ್ಲೀಷ್.” ಉಪಾಧ್ಯಾಯರು ಅದರಡಿಯಲ್ಲಿ ಕೆಂಪು ಗೆರೆಯೆಳೆದು ಪುಸ್ತಕವನ್ನು ಹಿಂದಿರುಗಿಸಿದರು, ಕಾರಣವನ್ನು ಬರೆಯಲಿಲ್ಲ. ತಂದೆಯವರು ಕಛೇರಿಯಲ್ಲಿ ನಿತ್ಯವೂ ಇಂಗ್ಲೀಷಿನಲ್ಲಿಯೇ ಬರೆಯತಕ್ಕವರು. ಅವರು ಪುಸ್ತಕವನ್ನು ನೋಡಿ, “ಕಾಗುಣಿತ ಸರಿಯಾಗಿದೆ, ಕಾಲ ಸರಿಯಾಗಿದೆ, ಪದಗಳೆಲ್ಲವೂ ಸರಿಯಾಗಿವೆ, ಗೆರೆ ಏಕೆ ಬಿದ್ದಿತೋ ತಿಳಿಯದು” ಎಂದರಂತೆ. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳಂತೆ. ಈಗ ತಾಯಿಯವರು ಕೇಳುವ ಪ್ರಶ್ನೆ ಇದು: “ಪದಗಳೆಲ್ಲವೂ ಸರಿಯಾಗಿದ್ದ ಮೇಲೆ ವಾಕ್ಯವು ತಪ್ಪಾಗುವುದು ಹೇಗೆ? ನಾನು ಇಂಗ್ಲೀಷನ್ನು ಹೆಚ್ಚಾಗಿ ಓದಿದವಳಲ್ಲ. ನನಗೂ ತಿಳಿಯುವಂತೆ ಹೇಳಬೇಕು.”

ಪ್ರಶ್ನೆಯು ಬಹಳ ಬೆಲೆಯುಳ್ಳದ್ದು. ಇಂಗ್ಲೀಷನ್ನು ಇಪ್ಪತ್ತು ಮೂವತ್ತು ವರ್ಷ ಬಳಸಿದವರೂ ಎಡವುವ ಸ್ಥಳವಿದು. ಆದಕಾರಣ ಈ ತಿಂಗಳ ಪಾಠವನ್ನು ಇದಕ್ಕೇ ಮೀಸಲಿಡುವೆವು.

ಕ್ರಿಯೆಯು ಹೇಗೆ ನಡೆಯಿತು, ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಎಷ್ಟು ಸಲ ನಡೆಯಿತು ಎಂಬುದನ್ನು ತಿಳಿಸುವ ಪದಕ್ಕೆ ಕ್ರಿಯಾವಿಶೇಷಣವೆಂದು ಹೆಸರು. ‘ಮೆಲ್ಲಗೆ’, ‘ಚೆನ್ನಾಗಿ’, ‘ಅಲ್ಲಿ’, ‘ನಾಳೆ’, ‘ಪದೇ ಪದೇ’ ಎಂಬಿವು ನಮ್ಮವು. ‘ಸ್ಲೋಲಿ’, ‘ವೆಲ್’, ‘ದೇರ್’, ‘ಟುಮಾರೋ’, ‘ಆಫನ್’ ಎಂಬಿವು ಅವರವು. ಇವುಗಳ ಅರ್ಥವನ್ನು ಕಲಿಯುವುದು ಸುಲಭ. ಆದರೆ ಇವುಗಳನ್ನು ವಾಕ್ಯದಲ್ಲಿ ಎಲ್ಲಿ ಕೂರಿಸಬೇಕೆಂಬುದರಲ್ಲಿಯೇ ಕಷ್ಟವಿರುವುದು.

ಕನ್ನಡದಲ್ಲಿ ಈ ಕಷ್ಟವು ನಮಗೆ ಅಷ್ಟಾಗಿ ಕಾಣದು. “ಅಜ್ಜಿಯು ನಿನ್ನೆ ಮೊಮ್ಮಗನಿಗೆ ಕಥೆಯನ್ನು ಮೆಲ್ಲಗೆ ಹೇಳಿದಳು” ಎನ್ನಬಹುದು. “ನಿನ್ನೆ ಮೊಮ್ಮಗನಿಗೆ ಅಜ್ಜಿಯು ಮೆಲ್ಲಗೆ ಕಥೆಯನ್ನು ಹೇಳಿದಳು” ಎಂದರೂ ಕೆಡುಕಿಲ್ಲ. ಹೇಳಿದವಳು ಯಾರು, ಕೇಳಿದವನು ಯಾರು ಎಂಬ ಸಂಶಯವು ಯಾರಿಗೂ ಬಾರದು. ಏಕೆಂದರೆ ನಮ್ಮ ಪದಗಳು ತಮ್ಮ ವಿಭಕ್ತಿಯನ್ನು ತಾವೇ ಹೊತ್ತುಕೊಂಡಿರುವುವು. ಮದುವೆಯ ಮನೆಗೆ ನಾಲ್ಕು ಮನೆಯ ಪಾತ್ರೆಗಳು ಬಂದು ಸೇರಿದಾಗ, ಒಂದೊಂದರ ಮೇಲೂ ಯಜಮಾನರ ಹೆಸರು ಕೆತ್ತಿದ್ದರೆ, ಪಾತ್ರೆಯನ್ನು ಹಿತ್ತಲಲ್ಲಿಟ್ಟರೇನು, ನಡುಮನೆಯಲ್ಲಿಟ್ಟರೇನು? ಇದು ಇಂಥವರದೆಂದು ತಿಳಿದೇ ತಿಳಿಯುವುದು.

ಇಂಗ್ಲೀಷಿನಲ್ಲಿಯೂ ಸಾವಿರ ವರ್ಷಗಳ ಹಿಂದೆ ಇಂತಹ ವಿಭಕ್ತಿಪ್ರತ್ಯಯಗಳಿದ್ದುವು. ಕಾಲಕ್ರಮದಲ್ಲಿ ಅವು ಸವೆದುಹೋದುವು. ಈಗ ಅವರ ಪಾತ್ರೆಗಳ ಮೇಲೆ ಹೆಸರಿಲ್ಲ. ಯಾವ ಗೂಡಿನಲ್ಲಿ ಇಟ್ಟಿದೆಯೋ ಅದನ್ನು ನೋಡಿಯೇ ಯಾರದೆಂದು ತಿಳಿಯಬೇಕು. “ದಿ ಕ್ಯಾಟ್ ಸಾ ದಿ ಡಾಗ್” ಎಂದರೆ ನೋಡಿದ್ದು ಬೆಕ್ಕು. “ದಿ ಡಾಗ್ ಸಾ ದಿ ಕ್ಯಾಟ್” ಎಂದರೆ ನೋಡಿದ್ದು ನಾಯಿ. ಪದಗಳು ಅವೇ, ರೂಪಗಳು ಅವೇ, ಬದಲಾದುದು ಸ್ಥಳವೊಂದೇ. ಹೀಗಿರಲು ಇಂಗ್ಲೀಷಿನಲ್ಲಿ ಸ್ಥಾನವೇ ಅರ್ಧ ವ್ಯಾಕರಣವೆಂದು ತಿಳಿಯಬೇಕು. ಕ್ರಿಯಾವಿಶೇಷಣಕ್ಕೆ ಉಳಿದ ಪದಗಳಿಗಿಂತ ಸ್ವಲ್ಪ ಹೆಚ್ಚು ಸ್ವಾತಂತ್ರ್ಯವುಂಟು, ನಿಜ. ಆದರೂ ಅದಕ್ಕೆ ಸಲ್ಲುವ ಸ್ಥಾನಗಳು ಮೂರೇ: ವಾಕ್ಯದ ಮೊದಲು, ನಡುವೆ, ಕೊನೆಯಲ್ಲಿ.

ಮೊದಲು ಕೂರಿಸಬಾರದ ಸ್ಥಳವನ್ನು ಹೇಳಿಬಿಡುವೆವು. ಸೋದರಿಯವರ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಕ್ರಿಯಾವಿಶೇಷಣವನ್ನು ತುರುಕಕೂಡದು. ‘ಸ್ಪೀಕ್ಸ್’ ಎಂಬುದು ಕ್ರಿಯಾಪದ, ‘ಇಂಗ್ಲೀಷ್’ ಎಂಬುದು ಕರ್ಮ. ಇವೆರಡೂ ಒಂದನ್ನೊಂದು ಅಂಟಿಕೊಂಡಿರಬೇಕು. ಆದಕಾರಣ “ಷೀ ಸ್ಪೀಕ್ಸ್ ಇಂಗ್ಲೀಷ್ ವೆರಿ ವೆಲ್” ಎಂದು ಬರೆಯತಕ್ಕದ್ದು.

ನಮ್ಮ ಮಕ್ಕಳು ಈ ತಪ್ಪನ್ನೇ ಏಕೆ ಮತ್ತೆ ಮತ್ತೆ ಮಾಡುವರೆಂಬುದನ್ನು ವಿಚಾರಿಸಿದರೆ ಅವರ ಮೇಲೆ ಕೋಪವು ಬಾರದು. ಕನ್ನಡ ವಾಕ್ಯವನ್ನು ನೋಡಿರಿ: “ಆಕೆಯು ಇಂಗ್ಲೀಷನ್ನು ಬಹಳ ಚೆನ್ನಾಗಿ ಮಾತನಾಡುವಳು.” ಕರ್ತೃವನ್ನು ಬಿಟ್ಟು ಉಳಿದುದನ್ನು ಕೊನೆಯಿಂದ ಮೊದಲಿಗೆ ಓದಿರಿ: ಮಾತನಾಡುವಳು, ಬಹಳ ಚೆನ್ನಾಗಿ, ಇಂಗ್ಲೀಷನ್ನು. ಇದೇ ಅಲ್ಲವೆ, “ಸ್ಪೀಕ್ಸ್ ವೆರಿ ವೆಲ್ ಇಂಗ್ಲೀಷ್”? ಇಂಗ್ಲೀಷಿನಲ್ಲಿ ಕ್ರಿಯಾಪದವು ಮುಂದಾಗಿ ಬರಬೇಕೆಂದು ಮಗುವಿಗೆ ನಾವೇ ಹೇಳಿಕೊಟ್ಟಿರುವೆವು. ಅದು ಆ ಮಾತನ್ನು ನಂಬಿ ವಾಕ್ಯವನ್ನು ಕನ್ನಡಿಯಲ್ಲಿ ನೋಡಿದಂತೆ ಪೂರ್ತಿಯಾಗಿ ತಿರುಗಿಸಿತು. ಕನ್ನಡದಲ್ಲಿ ಕ್ರಿಯಾಪದಕ್ಕೆ ತಗುಲಿ ಕುಳಿತಿದ್ದ ‘ಚೆನ್ನಾಗಿ’ಯು ಅದರ ಕೈಹಿಡಿದುಕೊಂಡೇ ಹೊರಟು, ಕರ್ಮಕ್ಕೆ ಅಡ್ಡಲಾಗಿ ನಿಂತಿತು. ಹುಡುಗಿಯ ತಪ್ಪಿನಲ್ಲಿ ಇಷ್ಟೊಂದು ಕ್ರಮವಿರುವುದನ್ನು ಕಂಡು ನಮಗೆ ಸಂತೋಷವೇ ಆಯಿತು. ಫ್ರೆಂಚರೂ ಇಂಗ್ಲೀಷು ಕಲಿಯುವಾಗ ಇದೇ ತಪ್ಪನ್ನು ಮಾಡುವರು. ಅವರ ಭಾಷೆಯಲ್ಲಿ ಕ್ರಿಯಾಪದವಾದೊಡನೆ ಕ್ರಿಯಾವಿಶೇಷಣವೂ, ಅದರ ಹಿಂದೆ ಕರ್ಮವೂ ಬರುವುದು ವಾಡಿಕೆ.

ಇದಕ್ಕೆ ಒಂದು ಅಪವಾದವುಂಟು. ಕರ್ಮವು ಬಹಳ ಉದ್ದವಾಗಿದ್ದರೆ ಕ್ರಿಯಾವಿಶೇಷಣವು ಅದರ ಕೊನೆಯವರೆಗೆ ಕಾಯಲಾರದು. ಆಗ ನಡುವೆ ಬರಬಹುದು. “ಹೀ ಎಕ್ಸ್‌ಪ್ಲೇನ್ಡ್ ಕ್ಲಿಯರ್ಲಿ ದಿ ರೀಸನ್ಸ್ ಫಾರ್ ವಿಚ್ ಹೀ ಹ್ಯಾಡ್ ಲೆಫ್ಟ್ ದಿ ವಿಲೇಜ್” ಎಂಬುದು ತಪ್ಪಲ್ಲ. ಮಕ್ಕಳಿಗೆ ಮೊದಲು ನಿಯಮವನ್ನು ಕಲಿಸಿ, ಅದು ಗಟ್ಟಿಯಾದ ಮೇಲೆ ಅಪವಾದವನ್ನು ಹೇಳಿದರೆ ಸಾಕು.

ಈಗ ಕೊನೆಯ ಸ್ಥಾನವನ್ನು ನೋಡುವ. ಹೇಗೆ, ಎಲ್ಲಿ, ಯಾವಾಗ ಎಂಬ ಮೂರೂ ಒಂದೇ ವಾಕ್ಯದಲ್ಲಿ ಬಂದರೆ ಇಂಗ್ಲೀಷಿನವರು ಅವನ್ನು ಸಾಮಾನ್ಯವಾಗಿ ಅದೇ ಕ್ರಮದಲ್ಲಿ ಇಡುವರು. “ದಿ ಚಿಲ್ಡ್ರನ್ ಪ್ಲೇಡ್ ಹ್ಯಾಪಿಲಿ ಇನ್ ದಿ ಗಾರ್ಡನ್ ಯೆಸ್ಟರ್‌ಡೇ.” ನಾವಾದರೆ, “ಮಕ್ಕಳು ನಿನ್ನೆ ತೋಟದಲ್ಲಿ ಸಂತೋಷವಾಗಿ ಆಡಿದರು” ಎನ್ನುವೆವು. ಯಾವಾಗ, ಎಲ್ಲಿ, ಹೇಗೆ ಎಂಬುದು ನಮ್ಮ ಕ್ರಮ. ಇಲ್ಲಿಯೂ ಕನ್ನಡಿಯ ಲಕ್ಷಣವೇ ಕಾಣುವುದು. ಆದರೆ ಇಲ್ಲಿ ತಿರುಗಿಸುವುದು ಸರಿ. ಗಳಿಗೆಯನ್ನು ಹೇಳುವಾಗಲೂ ಹೀಗೆಯೇ. ನಾವು ದೊಡ್ಡದರಿಂದ ಚಿಕ್ಕದಕ್ಕೆ ಇಳಿದು “ಸೋಮವಾರ ಹತ್ತು ಗಂಟೆಗೆ” ಎಂದರೆ, ಅವರು ಚಿಕ್ಕದರಿಂದ ದೊಡ್ಡದಕ್ಕೆ ಏರಿ “ಅಟ್ ಟೆನ್ ಓ ಕ್ಲಾಕ್ ಆನ್ ಮಂಡೇ” ಎನ್ನುವರು. ಹೋಗುವ ಬರುವ ಕ್ರಿಯೆಗಳಲ್ಲಿ ಮಾತ್ರ ಸ್ಥಳವು ರೀತಿಗಿಂತ ಮುಂದೆ ಬರುವುದು: “ಹೀ ವೆಂಟ್ ಹೋಮ್ ಕ್ವಿಕ್ಲಿ.” ಕಾಲವನ್ನು ಒತ್ತಿ ಹೇಳಬೇಕಾದಲ್ಲಿ ವಾಕ್ಯದ ಮೊದಲಿಗೂ ತರಬಹುದು: “ಟುಮಾರೋ ಐ ಷಲ್ ಕಮ್ ಟು ಮೈಸೂರ್.”

ನಡುವಿನ ಸ್ಥಾನವು ‘ಆಲ್ವೇಸ್’, ‘ಆಫನ್’, ‘ಸೆಲ್ಡಮ್’, ‘ನೆವರ್’ ಮುಂತಾದ, ಎಷ್ಟು ಸಲವೆಂಬುದನ್ನು ಹೇಳುವ ಪದಗಳಿಗೆ ಸೇರಿದ್ದು. ಇಲ್ಲಿ ನೆನಪಿಡತಕ್ಕ ಮಾತುಗಳು ಮೂರು. ಕ್ರಿಯಾಪದವು ಒಂದೇ ಇದ್ದರೆ ಅದಕ್ಕೆ ಮುಂಚೆ ಇಡಬೇಕು: “ಹೀ ಆಲ್ವೇಸ್ ಕಮ್ಸ್ ಲೇಟ್.” ಸಹಾಯಕ ಕ್ರಿಯಾಪದವಿದ್ದರೆ, ಮೊದಲನೆಯ ಸಹಾಯಕವಾದ ಮೇಲೆ ಇಡಬೇಕು: “ಹೀ ಹ್ಯಾಸ್ ಆಲ್ವೇಸ್ ಕಮ್ ಲೇಟ್.” ‘ಈಸ್’, ‘ಆರ್’, ‘ವಾಸ್’ ಎಂಬಿವು ತಾವೇ ಮುಖ್ಯ ಕ್ರಿಯಾಪದಗಳಾಗಿದ್ದರೆ ಅವುಗಳ ಹಿಂದೆ ಇಡಬೇಕು: “ಹೀ ಈಸ್ ಆಲ್ವೇಸ್ ಲೇಟ್.” ‘ನೆವರ್’, ‘ಸೆಲ್ಡಮ್’ ಎಂಬ ನಿಷೇಧದ ಪದಗಳನ್ನು ಒತ್ತಿಗಾಗಿ ಮೊದಲಿಗೆ ತಂದರೆ, ಪ್ರಶ್ನೆಯಲ್ಲಿ ಮಾಡುವಂತೆ ಸಹಾಯಕವನ್ನು ಕರ್ತೃವಿನ ಮುಂದಕ್ಕೆ ತರಬೇಕು: “ನೆವರ್ ಹ್ಯಾವ್ ಐ ಸೀನ್ ಸಚ್ ರೇನ್.”

ಇಷ್ಟು ಕೇಳಿದ ಮೇಲೆ, “ಸ್ಥಾನ ತಪ್ಪಿದರೆ ಕಿವಿಗೆ ಒರಟಾಗಬಹುದು, ಅರ್ಥವಾಗದೆ ಹೋಗುವುದೆ?” ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಅನೇಕ ವೇಳೆ ಅರ್ಥವಾಗುವುದು. ಆದರೆ ಒಂದೊಂದು ವೇಳೆ ಬೇರೆಯ ಅರ್ಥವೇ ಆಗಿಬಿಡುವುದು. ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ಕೈಯಿಂದಲೇ ಆದ ಒಂದು ಅಪರಾಧದಿಂದ ಕಲಿತೆವು.

ನಮ್ಮ ಬೀದಿಯಲ್ಲಿ ಒಬ್ಬ ವೃದ್ಧೆಯು ಬಾಡಿಗೆಯ ಮನೆಯಲ್ಲಿ ಒಂಟಿಯಾಗಿದ್ದರು. ಬೀದಿಯವರೆಲ್ಲರಿಗೂ ಅವರು ಅಜ್ಜಿ. ಮನೆಯ ಯಜಮಾನರು ತೀರಿಕೊಂಡ ಮೇಲೆ ಮನೆಯು ಅವರ ಮೊಮ್ಮಗನ ಪಾಲಿಗೆ ಬಂದಿತು. ಆತನು ಇಂಗ್ಲೆಂಡಿನಲ್ಲಿಯೇ ಹುಟ್ಟಿ ಬೆಳೆದವನು; ಕನ್ನಡವನ್ನರಿಯನು. ಊರಿನಲ್ಲಿದ್ದ ಅವನ ಬಂಧುವೊಬ್ಬರು ಬಾಡಿಗೆಯನ್ನು ವಸೂಲು ಮಾಡಿ ಲೆಕ್ಕ ಕಳುಹಿಸುತ್ತಿದ್ದರು. ಆ ವರ್ಷ ಅಜ್ಜಿಗೆ ಮಗಳಿಂದ ಸ್ವಲ್ಪ ಹಣ ಬಂದಿತು. ಕೈಯಲ್ಲಿದ್ದರೆ ಖರ್ಚಾಗಿ ಹೋದೀತೆಂದು ಹೆದರಿ, ಮಾರ್ಚಿ ತಿಂಗಳವರೆಗಿನ ಬಾಡಿಗೆಯಷ್ಟನ್ನೂ ಅವರು ಜೂನಿನಲ್ಲಿಯೇ ಒಟ್ಟಾಗಿ ಕೊಟ್ಟು ರಸೀದಿ ಪಡೆದರು. ಬಂಧುವು ಕಾಯಿಲೆಯಿಂದ ಮಲಗಿ ಲೆಕ್ಕ ಕಳುಹಿಸಲಿಲ್ಲ. ಕಾರ್ತಿಕದ ಹೊತ್ತಿಗೆ ಇಂಗ್ಲೆಂಡಿನಿಂದ ಅಜ್ಜಿಯ ಹೆಸರಿಗೆ ಕಾಗದ ಬಂದಿತು: ಈ ವರ್ಷದ ಬಾಡಿಗೆ ಏನಾಯಿತು?

ಅಜ್ಜಿಯು ಕಾಗದವನ್ನು ನಮ್ಮ ಬಳಿಗೆ ತಂದು, “ಜೂನಿನಲ್ಲೇ ಕೊಟ್ಟಿದ್ದೇನೆ ಅಂತ ಬರೆದುಬಿಡಪ್ಪ” ಎಂದರು. ನಮಗಾಗ ಇಂಗ್ಲೀಷಿನಲ್ಲಿ ಬರೆಯಬಲ್ಲೆವೆಂಬ ಹೆಮ್ಮೆಯಿದ್ದ ವಯಸ್ಸು. ಅವರ ಮಾತನ್ನು ಹಾಗೆ ಹಾಗೆಯೇ ಇಳಿಸಿದೆವು: “ಐ ಪೇಯ್ಡ್ ದಿ ರೆಂಟ್ ಇನ್ ಜೂನ್ ಓನ್ಲಿ.” ಕೆಳಗೆ ಅಜ್ಜಿಯು ನಡುಗುವ ಕೈಯಿಂದ ಕನ್ನಡದಲ್ಲಿ ಸಹಿ ಹಾಕಿದರು.

ಮೂರು ವಾರಗಳಾದ ಮೇಲೆ ಉತ್ತರ ಬಂದಿತು. ಜೂನ್ ಒಂದು ತಿಂಗಳನ್ನು ಬಿಟ್ಟು ಬೇರೆ ಯಾವ ತಿಂಗಳ ಬಾಡಿಗೆಯನ್ನೂ ಕೊಟ್ಟಿಲ್ಲವೆಂದು ತಾವೇ ಒಪ್ಪಿಕೊಂಡಿರುವುದರಿಂದ, ಒಂದು ತಿಂಗಳೊಳಗಾಗಿ ಮನೆಯನ್ನು ತೆರವು ಮಾಡತಕ್ಕದ್ದೆಂದು ಅದರಲ್ಲಿತ್ತು. ಆ ಕಾಗದವನ್ನು ನಾವು ಅಜ್ಜಿಗೆ ಓದಿ ಹೇಳಬೇಕಾಯಿತು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, “ನಾನು ಕೊಟ್ಟಿಲ್ಲ ಅಂತ ನಾನೇ ರುಜು ಹಾಕಿದೆನೇ?” ಎಂದು ಒಂದೇ ಮಾತು ಕೇಳಿದರು. ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದೇ ರಾತ್ರಿ ರಸೀದಿಯ ಪ್ರತಿಯೊಡನೆ ಎರಡನೆಯ ಕಾಗದ ಬರೆದೆವು: “ಐ ಪೇಯ್ಡ್ ದಿ ಹೋಲ್ ಇಯರ್ಸ್ ರೆಂಟ್ ಆ್ಯಸ್ ಅರ್ಲಿ ಆ್ಯಸ್ ಜೂನ್.” ಮನೆಯು ಉಳಿಯಿತು, ಯಜಮಾನನು ಕ್ಷಮೆಯನ್ನೂ ಕೇಳಿದನು. ಆದರೆ ಆ ಉತ್ತರವು ಬರುವವರೆಗೆ ಅಜ್ಜಿಯು ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟಿಟ್ಟುಕೊಂಡೇ ಇದ್ದರು.

ತಪ್ಪು ಎಲ್ಲಿ ಆಯಿತೆಂದು ನೋಡಿರಿ. ಕನ್ನಡದ ‘ಏ’ ಎಂಬ ಅವಧಾರಣೆಯ ಅವ್ಯಯವು ಒಂದೇ ಅಕ್ಷರವಾದರೂ ಹಲವು ಕೆಲಸಗಳನ್ನು ಮಾಡುವುದು. “ಹತ್ತೇ ರೂಪಾಯಿ ಕೊಟ್ಟನು” ಎಂದಾಗ ‘ಅಷ್ಟು ಮಾತ್ರ’ ಎಂದರ್ಥ. “ಅಣ್ಣನೇ ಬಂದನು” ಎಂದಾಗ ‘ಬೇರೆಯವರಲ್ಲ, ಅವನು ತಾನಾಗಿ’ ಎಂದರ್ಥ. “ಜೂನಿನಲ್ಲೇ ಕೊಟ್ಟೆ” ಎಂದಾಗ ‘ಅಷ್ಟು ಮುಂಚಿತವಾಗಿ’ ಎಂದರ್ಥ. ಇಂಗ್ಲೀಷಿನ ‘ಓನ್ಲಿ’ಯು ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಬಲ್ಲದು. ಎರಡನೆಯದಕ್ಕೆ ‘ಹಿಮ್‌ಸೆಲ್ಫ್’, ಮೂರನೆಯದಕ್ಕೆ ‘ಆ್ಯಸ್ ಅರ್ಲಿ ಆ್ಯಸ್’ ಎಂದು ಬೇರೆ ಬೇರೆ ಮಾತುಗಳನ್ನು ಹುಡುಕಬೇಕು. ನಾವು ‘ಏ’ ಕಂಡಲ್ಲೆಲ್ಲ ಹಿಂದೆ ಒಂದು ‘ಓನ್ಲಿ’ಯನ್ನು ಅಂಟಿಸಿ, “ಐ ಆ್ಯಮ್ ಕಮಿಂಗ್ ಟುಡೇ ಓನ್ಲಿ”, “ಹೀ ಟೋಲ್ಡ್ ಮೀ ಓನ್ಲಿ” ಎಂದು ದಿನಬಳಕೆಯಲ್ಲಿ ಹೇಳುತ್ತಿರುವೆವು. ನಮ್ಮ ನಮ್ಮೊಳಗೆ ಇದು ನಡೆಯುವುದು. ಕೇಳುವವನು ಮನಸ್ಸಿನಲ್ಲಿಯೇ ಕನ್ನಡಕ್ಕೆ ತಿರುಗಿಸಿಕೊಳ್ಳುವನು. ಹೊರಗಿನವನಿಗೆ ಈ ದಾರಿಯಿಲ್ಲ.

ಸ್ಥಾನದ ವ್ಯತ್ಯಾಸವೂ ಇಲ್ಲಿಯೇ ಅಡಗಿದೆ. ನಮ್ಮ ‘ಏ’ ಮತ್ತು ‘ಮಾತ್ರ’ಗಳು ತಾವು ಒತ್ತುವ ಪದದ ಹಿಂದೆ ನಿಲ್ಲುವುವು, ‘ಓನ್ಲಿ’ಯು ಬರವಣಿಗೆಯಲ್ಲಿ ಸಾಮಾನ್ಯವಾಗಿ ಪದದ ಮುಂದೆ ನಿಲ್ಲುವುದು. ಒಂದು ವಾಕ್ಯವನ್ನು ತೆಗೆದುಕೊಂಡು ಅದನ್ನು ಮನೆಯಿಂದ ಮನೆಗೆ ಸರಿಸಿ ನೋಡುವ: “ಐ ಲೆಂಟ್ ದಿ ಕ್ಲರ್ಕ್ ಫೈವ್ ಹಂಡ್ರೆಡ್ ರುಪೀಸ್.”

“ಓನ್ಲಿ ಐ ಲೆಂಟ್ ದಿ ಕ್ಲರ್ಕ್ ಫೈವ್ ಹಂಡ್ರೆಡ್ ರುಪೀಸ್”: ಕೊಟ್ಟವನು ನಾನೊಬ್ಬನೇ; ಮತ್ತಾರೂ ಕೊಡಲಿಲ್ಲ.

“ಐ ಓನ್ಲಿ ಲೆಂಟ್ ದಿ ಕ್ಲರ್ಕ್ ಫೈವ್ ಹಂಡ್ರೆಡ್ ರುಪೀಸ್”: ಸಾಲವಾಗಿ ಮಾತ್ರ ಕೊಟ್ಟೆನು, ದಾನವಾಗಿ ಅಲ್ಲ.

“ಐ ಲೆಂಟ್ ಓನ್ಲಿ ದಿ ಕ್ಲರ್ಕ್ ಫೈವ್ ಹಂಡ್ರೆಡ್ ರುಪೀಸ್”: ಗುಮಾಸ್ತನಿಗೆ ಮಾತ್ರ ಕೊಟ್ಟೆನು, ಉಳಿದವರಿಗಿಲ್ಲ.

“ಐ ಲೆಂಟ್ ದಿ ಕ್ಲರ್ಕ್ ಓನ್ಲಿ ಫೈವ್ ಹಂಡ್ರೆಡ್ ರುಪೀಸ್”: ಐನೂರೇ ರೂಪಾಯಿ ಕೊಟ್ಟೆನು, ಸಾವಿರವಲ್ಲ.

ನ್ಯಾಯಸ್ಥಾನದಲ್ಲಿ ಈ ನಾಲ್ಕೂ ನಾಲ್ಕು ಸಾಕ್ಷ್ಯಗಳಾಗಬಹುದು.

ಆದರೆ ಇಂಗ್ಲೀಷಿನವರೂ ಮಾತನಾಡುವಾಗ ಈ ಕಟ್ಟುನಿಟ್ಟನ್ನು ಪಾಲಿಸುವರೆಂದು ತಿಳಿಯಬಾರದು. ಅವರು ‘ಓನ್ಲಿ’ಯನ್ನು ಕ್ರಿಯಾಪದದ ಮುಂದೆಯೇ ಇರಿಸಿ, ಯಾವ ಪದವನ್ನು ಒತ್ತಬೇಕೋ ಅದನ್ನು ಸ್ವರದಿಂದ ಒತ್ತಿ ಹೇಳುವರು. ಈ ವಾಡಿಕೆಯ ಮೇಲೆ ಪಂಡಿತರ ವಾದವು ಬಹುಕಾಲದಿಂದ ನಡೆದಿದೆ. ರಾಬರ್ಟ್ ಲೌತ್ ಎಂಬ ವಿದ್ವಾಂಸರು 1762ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ, ಕ್ರಿಯಾವಿಶೇಷಣವು ತನಗೆ ಸಂಬಂಧಿಸಿದ ಪದದ ಬಳಿಯಲ್ಲಿಯೇ ಇರಬೇಕೆಂದು ವಿಧಿಸಿ, ‘ಓನ್ಲಿ’ಯನ್ನೇ ಉದಾಹರಣೆಯಾಗಿ ತೆಗೆದುಕೊಂಡರು. 1926ರಲ್ಲಿ ಹೆನ್ರಿ ಫೌಲರರು ತಮ್ಮ ಪ್ರಸಿದ್ಧವಾದ ಪ್ರಯೋಗಕೋಶದಲ್ಲಿ, ಅರ್ಥಕ್ಕೆ ಅಪಾಯವಿಲ್ಲದ ಕಡೆ ಜನರ ವಾಡಿಕೆಯನ್ನು ಕೆದಕಿ ಪೀಡಿಸಬಾರದೆಂದು ವಾದಿಸಿದರು. ನಮ್ಮ ಅಭಿಪ್ರಾಯವಿಷ್ಟೆ: ಮಾತಿನಲ್ಲಿ ಸ್ವರವಿದೆ, ಮುಖವಿದೆ, ಸಂಶಯ ಬಂದರೆ ಕೇಳುವ ಅವಕಾಶವಿದೆ. ಅಲ್ಲಿ ಫೌಲರರ ಮಾತು ನಡೆಯಲಿ. ಕಾಗದಕ್ಕೆ ಸ್ವರವಿಲ್ಲ. ಅಲ್ಲಿ ಲೌತರನ್ನೇ ಅನುಸರಿಸುವುದು ಕ್ಷೇಮ.

ಮತ್ತೊಂದು ಅಪಾಯವನ್ನು ಹೇಳುವೆವು. ನಮ್ಮ ಶಾಸ್ತ್ರಗಳಲ್ಲಿ ದೇಹಲೀದೀಪ ನ್ಯಾಯವೆಂಬುದೊಂದುಂಟು. ಹೊಸ್ತಿಲ ಮೇಲಿಟ್ಟ ದೀಪವು ಒಳಮನೆಯನ್ನೂ ಹೊರಜಗುಲಿಯನ್ನೂ ಒಮ್ಮೆಗೇ ಬೆಳಗುವಂತೆ, ನಡುವಿನ ಒಂದು ಪದವು ಹಿಂದಕ್ಕೂ ಮುಂದಕ್ಕೂ ಅನ್ವಯಿಸುವುದು. ಕಾವ್ಯದಲ್ಲಿ ಇದೊಂದು ಸೊಗಸು. ಇಂಗ್ಲೀಷು ಗದ್ಯದಲ್ಲಿ ಇದೊಂದು ದೋಷ. “ಬಾಯ್ಸ್ ಹೂ ರೀಡ್ ಆಫನ್ ಪಾಸ್” ಎಂದು ಬರೆದರೆ, ಪದೇ ಪದೇ ಓದುವ ಹುಡುಗರು ತೇರ್ಗಡೆಯಾಗುವರೆಂದೋ, ಓದುವ ಹುಡುಗರು ಅನೇಕ ವೇಳೆ ತೇರ್ಗಡೆಯಾಗುವರೆಂದೋ ತಿಳಿಯದು. “ಬಾಯ್ಸ್ ಹೂ ಆಫನ್ ರೀಡ್ ಪಾಸ್” ಎಂದರೆ ದೀಪವು ಒಳಮನೆಗೆ ಸೇರಿತು, ಸಂಶಯ ತೀರಿತು.

ದೊಡ್ಡವರೂ ಈ ವಿಷಯದಲ್ಲಿ ಎಡವಿರುವರೆಂಬುದಕ್ಕೆ ಲೋಕಪ್ರಸಿದ್ಧವಾದ ಒಂದು ದೃಷ್ಟಾಂತವಿದೆ. 2009ರ ಜನವರಿ 20ರಂದು ಬರಾಕ್ ಒಬಾಮಾರವರು ಅಮೆರಿಕದ ಅಧ್ಯಕ್ಷಪದವಿಯ ಪ್ರಮಾಣವಚನ ಸ್ವೀಕರಿಸಿದರು. ಅಧ್ಯಕ್ಷಕಾರ್ಯವನ್ನು ನಿಷ್ಠೆಯಿಂದ ನಡೆಸುವೆನೆಂಬ ವಾಕ್ಯದಲ್ಲಿ ‘ಫೇತ್‌ಫುಲ್ಲಿ’ ಎಂಬ ಕ್ರಿಯಾವಿಶೇಷಣವು, ಆ ದೇಶದ ಸಂವಿಧಾನದ ಪ್ರಕಾರ, ‘ವಿಲ್’ ಮತ್ತು ‘ಎಕ್ಸಿಕ್ಯೂಟ್’ ಎಂಬ ಎರಡು ಪದಗಳ ನಡುವೆ ಇರತಕ್ಕದ್ದು. ಪ್ರಮಾಣವನ್ನು ಬೋಧಿಸಿದ ಮುಖ್ಯ ನ್ಯಾಯಾಧೀಶ ಜಾನ್ ರಾಬರ್ಟ್ಸರು ನೆನಪಿನಿಂದಲೇ ಹೇಳುತ್ತ ಅದನ್ನು ವಾಕ್ಯದ ಕೊನೆಗೆ ಹಾಕಿಬಿಟ್ಟರು. ಒಬಾಮಾರವರು ಅರ್ಧದಲ್ಲಿ ನಿಂತರು. ನ್ಯಾಯಾಧೀಶರು ಸರಿಪಡಿಸಲು ಹೋಗಿ ಪದವನ್ನು ಕ್ರಿಯಾಪದದ ಹಿಂದೆ ಇಟ್ಟರು. ಒಬಾಮಾರವರು ಕಡೆಗೆ ಮೊದಲು ಕೇಳಿದಂತೆಯೇ ಅದನ್ನು ಕೊನೆಯಲ್ಲಿಟ್ಟು ಮುಗಿಸಿದರು. ಅರ್ಥವೇನೂ ಕೆಡಲಿಲ್ಲ. ಆದರೆ ಸಂವಿಧಾನವು ವಿಧಿಸಿರುವ ಪದಗಳಲ್ಲಿ ಕ್ರಮ ತಪ್ಪಿತೆಂಬ ಸಂಶಯಕ್ಕೆ ಎಡೆಯಾಗಬಾರದೆಂದು, ಮರುದಿನ ಶ್ವೇತಭವನದಲ್ಲಿ ಪ್ರಮಾಣವನ್ನು ಮತ್ತೊಮ್ಮೆ ಮಾಡಿಸಿದರು.

ಈ ಎಡವಟ್ಟಿಗೆ ಭಾಷಾವಿಜ್ಞಾನಿ ಸ್ಟೀವನ್ ಪಿಂಕರರು ಒಂದು ಕಾರಣವನ್ನು ಊಹಿಸಿದರು. ‘ಟು’ ಎಂಬುದಕ್ಕೂ ಕ್ರಿಯಾಪದಕ್ಕೂ ನಡುವೆ ಕ್ರಿಯಾವಿಶೇಷಣ ಬರಕೂಡದೆಂದು ಇಂಗ್ಲೀಷು ಶಾಲೆಗಳಲ್ಲಿ ಬಹುಕಾಲ ಕಲಿಸುತ್ತಿದ್ದರು. ಕ್ಯಾಂಟರ್ಬರಿಯ ಪಾದ್ರಿ ಹೆನ್ರಿ ಆಲ್ಫರ್ಡರು 1864ರ ತಮ್ಮ ಗ್ರಂಥದಲ್ಲಿ ಹೀಗೆ ಒಡೆಯುವುದನ್ನು ಖಂಡಿಸಿದ್ದರು. ಆ ಭಯವು ಬೆಳೆದು, ಸಹಾಯಕ ಕ್ರಿಯಾಪದಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆಯೂ ಏನೂ ಬರಬಾರದೆಂದು ಕೆಲವರು ಭಾವಿಸಿದರು. ಆ ಭಯವೇ ನ್ಯಾಯಾಧೀಶರ ನಾಲಿಗೆಯನ್ನು ಎಳೆದಿರಬಹುದೆಂದು ಪಿಂಕರರ ಊಹೆ. ನಾವು ಮೇಲೆ ಹೇಳಿದಂತೆ, ಸಹಾಯಕದ ಹಿಂದಿನ ಸ್ಥಳವು ಕ್ರಿಯಾವಿಶೇಷಣಕ್ಕೆ ಸಹಜವಾದ ಮನೆ. ಅಲ್ಲಿ ಇಡಲು ಅಂಜಬೇಕಾದುದಿಲ್ಲ. ‘ಟು’ ಎಂಬುದನ್ನು ಒಡೆಯುವುದನ್ನೂ ಈಗಿನ ವ್ಯಾಕರಣಜ್ಞರು ತಪ್ಪೆನ್ನರು. ಆದರೂ ಪರೀಕ್ಷೆಯ ಉತ್ತರಗಳಲ್ಲಿಯೂ ಅರ್ಜಿಗಳಲ್ಲಿಯೂ, ಬೇರೆ ದಾರಿಯಿದ್ದಾಗ, ಒಡೆಯದೆ ಬರೆದರೆ ಯಾರ ಆಕ್ಷೇಪಣೆಯೂ ಬಾರದು.

ಅದೇ ವರ್ಷ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಕ್ರಿಯಾವಿಶೇಷಣವೊಂದರ ವಿಚಾರಣೆಯೇ ನಡೆಯಿತು. ಮೆಕ್ಸಿಕೋ ದೇಶದಿಂದ ಬಂದು ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನೊಬ್ಬನು, ಕೆಲಸಕ್ಕಾಗಿ ಸುಳ್ಳು ಗುರುತಿನ ಸಂಖ್ಯೆಗಳನ್ನು ಕೊಟ್ಟಿದ್ದನು. ಆ ಸಂಖ್ಯೆಗಳು ಬೇರೆ ಜನರವಾಗಿದ್ದುವು. ಇನ್ನೊಬ್ಬ ಮನುಷ್ಯನ ಗುರುತನ್ನು ‘ನೋಯಿಂಗ್ಲಿ’, ಎಂದರೆ ತಿಳಿದೂ ತಿಳಿದು, ಬಳಸಿದವನಿಗೆ ಹೆಚ್ಚಾಗಿ ಎರಡು ವರ್ಷಗಳ ಸೆರೆವಾಸವೆಂದು ಕಾನೂನು. ಆ ಪದವು ಕ್ರಿಯಾಪದಗಳ ಮುಂದೆ ನಿಂತಿತ್ತು. ಸಂಖ್ಯೆಯನ್ನು ಬಳಸಿದುದು ತಿಳಿದಿದ್ದರೆ ಸಾಕೆ? ಅಥವಾ ಅದು ಇನ್ನೊಬ್ಬನದೆಂಬುದೂ ತಿಳಿದಿರಬೇಕೆ? ಪದದ ಬೆಳಕು ಎಲ್ಲಿಯವರೆಗೆ ಬೀಳುವುದು? ನಮ್ಮ ಮನೆಗಳಲ್ಲಿಯೂ ಈ ವ್ಯಾಜ್ಯ ಬರುವುದುಂಟು. “ತಮ್ಮನು ಬೇಕೆಂದೇ ಅಕ್ಕನ ಪುಸ್ತಕವನ್ನು ಹರಿದನು” ಎಂದರೆ, ಹರಿದದ್ದು ಬೇಕೆಂದೋ, ಅದು ಅಕ್ಕನದೆಂದು ತಿಳಿದೂ ಹರಿದನೋ? 2009ರ ಮೇ ತಿಂಗಳಲ್ಲಿ ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ತೀರ್ಪಿತ್ತರು: ಅದು ಮತ್ತೊಬ್ಬನದೆಂದು ತಿಳಿದಿತ್ತೆಂಬುದನ್ನೂ ಸರಕಾರವು ಸಿದ್ಧಪಡಿಸತಕ್ಕದ್ದು. ಒಂದು ಪದದ ವ್ಯಾಪ್ತಿಯ ಮೇಲೆ ಒಬ್ಬ ಮನುಷ್ಯನ ಎರಡು ವರ್ಷಗಳು ನಿಂತಿದ್ದುವು.

ಸೋದರಿಯವರಿಗೆ ನಮ್ಮ ಸೂಚನೆಗಳಿವು. ಮಗಳು ವಾಕ್ಯವನ್ನು ಬರೆದ ಮೇಲೆ, ಮೊದಲು ಕ್ರಿಯಾಪದವನ್ನೂ ಕರ್ಮವನ್ನೂ ಗುರುತಿಸಿ, ನಡುವೆ ಯಾವುದಾದರೂ ನುಸುಳಿದೆಯೆ ಎಂದು ನೋಡಲಿ. ಅನಂತರ ಹೇಗೆ, ಎಲ್ಲಿ, ಯಾವಾಗ ಎಂಬ ಕ್ರಮವಿದೆಯೆ ಎಂದು ನೋಡಲಿ. ‘ಓನ್ಲಿ’ಯನ್ನು ಬರೆದಿದ್ದರೆ, ಅದರ ಬದಲಿಗೆ ‘ಮಾತ್ರ’ವೆಂದು ಹೇಳಿ ನೋಡಲಿ, ಅರ್ಥವು ಕೂಡಿದರೆ, ಸಂಬಂಧಿಸಿದ ಪದದ ಮುಂದೆ ತಂದಿಡಲಿ, ಕೂಡದಿದ್ದರೆ ಹೊಡೆದುಹಾಕಲಿ.

ಮಕ್ಕಳ ಅಭ್ಯಾಸಕ್ಕಾಗಿ ಐದು ತಪ್ಪು ವಾಕ್ಯಗಳನ್ನು ಕೊಟ್ಟಿದೆ. ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ತಿದ್ದಿಸಿರಿ.

1. “ಮೈ ಮದರ್ ಮೇಕ್ಸ್ ವೆರಿ ವೆಲ್ ಕಾಫಿ.”
2. “ಹೀ ಕಮ್ಸ್ ಆಲ್ವೇಸ್ ಲೇಟ್.”
3. “ವೀ ಷಲ್ ಮೀಟ್ ಟುಮಾರೋ ಅಟ್ ದಿ ಸ್ಟೇಷನ್.”
4. “ಷೀ ನೆವರ್ ಈಸ್ ಆ್ಯಂಗ್ರಿ.”
5. “ಮೈ ಬ್ರದರ್ ಓನ್ಲಿ ಕೇಮ್”, ಎಂದರೆ ‘ಅಣ್ಣನೇ ಬಂದನು.’

ಉತ್ತರಗಳು: 1. “ಮೈ ಮದರ್ ಮೇಕ್ಸ್ ಕಾಫಿ ವೆರಿ ವೆಲ್.” 2. “ಹೀ ಆಲ್ವೇಸ್ ಕಮ್ಸ್ ಲೇಟ್.” 3. “ವೀ ಷಲ್ ಮೀಟ್ ಅಟ್ ದಿ ಸ್ಟೇಷನ್ ಟುಮಾರೋ.” ಕೊಟ್ಟ ವಾಕ್ಯವು ಪೂರ್ತಿ ತಪ್ಪಲ್ಲ, ಆದರೆ ಇದು ಹೆಚ್ಚು ಸಹಜ. 4. “ಷೀ ಈಸ್ ನೆವರ್ ಆ್ಯಂಗ್ರಿ.” 5. “ಮೈ ಬ್ರದರ್ ಕೇಮ್ ಹಿಮ್‌ಸೆಲ್ಫ್.”

ಐದೂ ಸರಿಯಾಗಿ ಬಂದರೆ ಮಗಳು ಕೆಂಪು ಗೆರೆಯ ಪುಸ್ತಕವನ್ನು ಧೈರ್ಯವಾಗಿ ತೆರೆಯಬಹುದು. ಆಕೆ ತಿದ್ದಿದ ವಾಕ್ಯವನ್ನು ತಂದೆಯವರಿಗೂ ಒಮ್ಮೆ ತೋರಿಸಲೆಂದು ನಮ್ಮ ಕೋರಿಕೆ.